ಕಾದಂಬರಿಯೊಳಗೆ ಸಿಕ್ಕಿಬಿದ್ದ ಕೇಕು

ಮಿಂಟರ್ಸ್ ಫೆರಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಡಾಕ್ಟರಿಗೆ ಫೋನು ಹೋಗುತ್ತದೆ, ಆಮೇಲೆ ಪಾಸ್ಟರಿಗೆ, ಆಮೇಲೆ ವರ್ನಾ ಡೆಲ್ ಸೈಜ್‌ಮೋರಳಿಗೆ. ಅವಸರದಲ್ಲಿ ಮೊದಲಿನ ಎರಡನ್ನು ಮರೆತವರುಂಟು, ಮೂರನೆಯದನ್ನು ಮರೆತವರಿಲ್ಲ. ಸಾವಿನ ಮನೆಯವರಿಗೆ ಚರ್ಚಿನ ಹೆಂಗಸರು ಬಡಿಸುವ ಊಟದ ಉಸ್ತುವಾರಿ ಅವಳದು. ಹ್ಯಾಮ್ ಯಾರದು, ಬೀನ್ಸ್ ಯಾರದು, ಕೇಕು ಯಾರದು ಎಂದು ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಊರಿಗೆಲ್ಲ ಹಂಚಿಬಿಡುತ್ತಾಳೆ. ಆರ್ವಿಲಾ ಟಿಡ್‌ಮೋರಳಿಗೆ ಫೋನು ಮಾಡಿದಾಗ ಮಾತ್ರ ಅವಳ ದನಿ ಮೆತ್ತಗಾಗುತ್ತದೆ.

"ಆರ್ವಿಲಾ, ನೀನೇನೂ ತೊಂದ್ರೆ ತಗೋಬೇಡ ಕಣೇ. ಐಸ್ ತಗೊಂಡ್ ಬಾ, ಸಾಕು."

ಐಸು! ಅಲಬಾಮಾದ ಆ ನದಿದಂಡೆಯ ಊರಿನಲ್ಲಿ ಒಬ್ಬ ಹೆಂಗಸಿನ ಮರ್ಯಾದೆ ಎಷ್ಟು ಎಂದು ತಿಳಿಯಬೇಕಾದರೆ ಸಾವಿನ ಊಟಕ್ಕೆ ಅವಳು ಏನು ಹೊತ್ತು ತರುತ್ತಾಳೆ ಎಂದು ನೋಡಿದರೆ ಸಾಕು. ಎಲ್ಲಕ್ಕೂ ಮೇಲೆ ಕೇಕು. ಅದರ ಕೆಳಗೆ ಕರಿದ ಕೋಳಿ. ಹೀಗೇ ಇಳಿಯುತ್ತ ಇಳಿಯುತ್ತ ಕಟ್ಟಕಡೆಗೆ ಐಸು ಮತ್ತು ಕಾಗದದ ತಟ್ಟೆ. ಅದು ಮದುವೆಯಾಗದ ಗಂಡಸರಿಗೆ, ಊರಿಗೆ ಹೊಸದಾಗಿ ಬಂದವರಿಗೆ, ಮತ್ತು ಆರ್ವಿಲಾಳಿಗೆ. ಒಲೆಯ ಮುಂದೆ ಅವಳಷ್ಟು ಹದ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಆದರೂ ಮೂವತ್ತು ವರ್ಷಗಳಿಗೂ ಮೇಲಾಗಿ ಅವಳು ಐಸಿನ ಚೀಲ ಹೊತ್ತುಕೊಂಡು, ಅಂಗಿಯ ಮುಂಭಾಗ ಒದ್ದೆ ಮಾಡಿಕೊಂಡು ಚರ್ಚಿನ ಹಿಂಬಾಗಿಲಿಂದ ಒಳಗೆ ಬರುತ್ತಿದ್ದಳು. ಸಾಯುವುದರೊಳಗೆ ಒಂದೇ ಒಂದು ಸಲ ಯಾರಾದರೂ ತನ್ನನ್ನು ಕೇಕು ತಾ ಎಂದು ಕೇಳಲಿ ಎಂಬುದು ಅವಳ ಆಸೆ. ದೇವರ ಮುಂದೆ ಇಡಲು ನಾಚಿಕೆಯಾಗುವಷ್ಟು ಸಣ್ಣ ಆಸೆ. ಆದರೂ ಇಡುತ್ತಿದ್ದಳು, ಜಗತ್ತಿನ ಶಾಂತಿಗಾಗಿ ಬೇಡಿಕೊಂಡ ಮೇಲೆ, ಆಮೆನ್‌ಗಿಂತ ಸ್ವಲ್ಪ ಮುಂಚೆ.

ಇದಕ್ಕೆಲ್ಲ ಕಾರಣ ಲೂಥರ್ ಗ್ಯಾಲವೇ.

ಲೂಥರ್ ಹುಟ್ಟಿದ್ದೂ ಮಣ್ಣಾದದ್ದೂ ಇದೇ ಊರಲ್ಲಿ. ನಡುವಿನ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಕೂತು ಇದೇ ಊರನ್ನು ಬರೆದ. ಹುಡುಗನಾಗಿದ್ದಾಗ ಅವನು ಯಾತಕ್ಕೂ ಬಾರದವನೆಂದೇ ಎಲ್ಲರ ತೀರ್ಮಾನ. ಹತ್ತಿ ಬಿಡಿಸಲು ಕಳಿಸಿದರೆ ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಗಸರ ಮಾತು ಕೇಳುತ್ತಿದ್ದ. ಅಂಚೆ ಕಚೇರಿಗೆ ಕಳಿಸಿದರೆ ಅಲ್ಲಿನ ಬೆಂಚಿಗೆ ಅಂಟಿಕೊಂಡು ಮುದುಕರ ಮಾತು ಕೇಳುತ್ತಿದ್ದ. "ಬೇರೆಯವ್ರ ಮಾತು ಕೇಳೋದೂ ಒಂದು ಕೆಲ್ಸಾನೇನೋ?" ಎಂದು ಅವನಪ್ಪ ಬೈಯುತ್ತಿದ್ದ. ಮುಂದೆ ದೇಶಕ್ಕೆ ದೇಶವೇ ಹೌದು, ಅದೂ ಒಂದು ಕೆಲಸ ಎಂದು ಒಪ್ಪಿಕೊಂಡು ಅವನ ಕೊರಳಿಗೆ ದೊಡ್ಡ ಬಹುಮಾನ ಕಟ್ಟಿತು. ಪುಸ್ತಕ ಸಿನಿಮಾ ಆಯಿತು, ಶಾಲೆಯ ಪಾಠವಾಯಿತು, ಹೆಸರೇ ಕೇಳದ ಭಾಷೆಗಳಿಗೆ ಹೋಯಿತು.

ಮಿಂಟರ್ಸ್ ಫೆರಿಯಲ್ಲಿ 'ಪುಸ್ತಕ' ಎಂದರೆ ಬೈಬಲ್. ಆದ್ದರಿಂದ ಇದನ್ನು 'ಲೂಥರನ ಪುಸ್ತಕ' ಎನ್ನುತ್ತಿದ್ದರು. ಅದನ್ನು ಓದಿದವರು ಕಡಿಮೆ, ಅದರಲ್ಲಿ ತಮ್ಮನ್ನು ಹುಡುಕಿದವರೇ ಹೆಚ್ಚು. ಮೊದಲ ವರ್ಷ, ನಮ್ಮನ್ನೆಲ್ಲ ಪುಸ್ತಕದಲ್ಲಿ ಹಾಕಿದ್ದಾನೆ ಎಂದು ಅರ್ಧ ಊರು ಸಿಟ್ಟಾಯಿತು. ಮರುವರ್ಷ, ನಮ್ಮನ್ನು ಬಿಟ್ಟಿದ್ದಾನೆ ಎಂದು ಉಳಿದರ್ಧ ಸಿಟ್ಟಾಯಿತು. ಔಷಧಿ ಅಂಗಡಿಯವರಂತೂ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಕುಂಟು ನಾಯಿ ತಮ್ಮದೇ ಎಂದು ಇಂದಿಗೂ ವಾದಿಸುತ್ತಾರೆ.

ಆರ್ವಿಲಾ ಇದ್ದದ್ದು ಒಂಬತ್ತನೆಯ ಅಧ್ಯಾಯದಲ್ಲಿ. ಅಲ್ಲಿ ಅವಳ ಹೆಸರು ಮಿಸ್ ಜೂಲಾ; ಆ ಸೀಮೆಯಲ್ಲಿ ಮದುವೆಯಾದ ಹೆಂಗಸನ್ನೂ ಮರ್ಯಾದೆಗೆ ಮಿಸ್ ಎಂದೇ ಕರೆಯುವುದು. ಮಿಸ್ ಜೂಲಾ ಸಾವಿನ ಊಟಕ್ಕೆ ಕ್ಯಾರಮೆಲ್ ಕೇಕು ತರುತ್ತಾಳೆ. ಕತ್ತರಿಸಹೋದರೆ ಚಾಕು ಬಾಗುತ್ತದೆ. ಬಡಗಿಯೊಬ್ಬ ಗರಗಸ ತರುತ್ತೇನೆಂದು ಎದ್ದು ಹೋಗುತ್ತಾನೆ. ಚರ್ಚಿನ ಹಿರಿಯರೊಬ್ಬರ ಹಲ್ಲು ಮುರಿಯುತ್ತದೆ. ಕೊನೆಗೆ ಮಿಕ್ಕ ಕೇಕನ್ನು ಚರ್ಚಿನ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿ ಇಡುತ್ತಾರೆ, ಅದು ಇಪ್ಪತ್ತು ವರ್ಷ ಕರಗದೆ ಅಲ್ಲೇ ನಿಲ್ಲುತ್ತದೆ. ಇದರಲ್ಲಿ ಹಲ್ಲೊಂದು ನಿಜ, ಉಳಿದದ್ದೆಲ್ಲ ಲೂಥರನ ಕೈಚಳಕ. ಆದರೆ ಹೆಸರು ಬದಲಿಸಿದ ಆಸಾಮಿ ತಟ್ಟೆಯನ್ನು ಬದಲಿಸಲಿಲ್ಲ. ಹಸಿರು ಗಾಜು, ಕೆಳಗೊಂದು ಕಾಲು, ಅಂಚಿನಲ್ಲಿ ದ್ರಾಕ್ಷಿ ಬಳ್ಳಿ. ಅಂಥದ್ದು ಊರಿನಲ್ಲಿ ಇದ್ದದ್ದೇ ಒಂದು, ಅದು ಆರ್ವಿಲಾಳದು.

ಹೈಸ್ಕೂಲು ಪರೀಕ್ಷೆಯಲ್ಲಿ ಒಮ್ಮೆ, 'ಮಿಸ್ ಜೂಲಾಳ ಕೇಕು ಏನನ್ನು ಸೂಚಿಸುತ್ತದೆ?' ಎಂಬ ಪ್ರಶ್ನೆ ಬಂತು. ಆರ್ವಿಲಾಳ ಸ್ವಂತ ಮೊಮ್ಮಗಳು ಡಾರ್ಲೀನ್, 'ಅಮೆರಿಕದ ಹಳೆಯ ದಕ್ಷಿಣದ ಕಲ್ಲುಹೃದಯವನ್ನು' ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡು ಬಂದಳು.

"ಅಜ್ಜಿ, ಬೇಜಾರಾಯ್ತಾ?"

"ಇಲ್ಲಮ್ಮ. ಮೊದ್ಲು ಆ ಕಲ್ಲುಹೃದಯ ಮಾಡಿಕೊಟ್ಟ ಪೈ ತಿಂದು ಮುಗ್ಸು."

ಅವಳ ಗಂಡ ಕ್ಲೋವಿಸ್ ಮರದ ಮಿಲ್ಲಿನಲ್ಲಿ ಗರಗಸ ನೋಡಿಕೊಳ್ಳುತ್ತಿದ್ದವನು, ಹೆಚ್ಚು ಮಾತಿನವನಲ್ಲ. ಊರು ತಿನ್ನದ ಕೇಕನ್ನೆಲ್ಲ ಅವನೊಬ್ಬನೇ ತಿಂದು ದಪ್ಪಗಾದ. "ಲೂಥರ್ ನಂಗೆ ಮಾಡಿದ ಉಪಕಾರ ಇನ್ಯಾರೂ ಮಾಡ್ಲಿಲ್ಲ ಬಿಡು," ಎನ್ನುತ್ತಿದ್ದ. ಅವನು ತೀರಿಕೊಂಡಾಗ ಮನೆಗೆ ಒಂದಲ್ಲ ಎರಡಲ್ಲ, ಮೇಜು ತುಂಬ ಕೇಕು ಬಂದವು. ಆರ್ವಿಲಾ ಎಲ್ಲದರ ಚೂರು ಬಾಯಿಗಿಟ್ಟು ನೋಡಿ, "ಕ್ಲೋವಿಸ್ ಇದ್ಯಾವುದನ್ನೂ ಮುಟ್ತಿರ್ಲಿಲ್ಲ," ಎಂದು ಅತ್ತಳು.

ನಿಜವಾಗಿ ನಡೆದದ್ದು ಏನೆಂದರೆ, ಆ ಕೇಕು ಆರ್ವಿಲಾಳದೇ ಅಲ್ಲ.

ಆ ಊರಿನಲ್ಲಿ ಒಬ್ಬರ ಮನೆಯ ತಟ್ಟೆಯನ್ನು ಖಾಲಿ ವಾಪಸು ಕೊಡುವ ಪದ್ಧತಿಯಿಲ್ಲ. ಸೂಪು ಬಂದ ಪಾತ್ರೆಯಲ್ಲಿ ಉಪ್ಪಿನಕಾಯಿ ಹೋಗಬೇಕು, ಬ್ರೆಡ್ಡು ಬಂದ ತಟ್ಟೆಯಲ್ಲಿ ಬಿಸ್ಕತ್ತು ಹೋಗಬೇಕು. ಯಾರದು ಯಾವುದು ಎಂದು ಗೊತ್ತಾಗಲು ಪ್ರತಿಯೊಬ್ಬಳೂ ತಟ್ಟೆಯ ತಳಕ್ಕೆ ಹೆಸರು ಬರೆದ ಪಟ್ಟಿ ಅಂಟಿಸಿರುತ್ತಾಳೆ. ವರ್ನಾ ಡೆಲ್ ಆಗಿನ್ನೂ ಸೈಜ್‌ಮೋರರ ಮನೆಗೆ ಹೊಸ ಸೊಸೆ. ಜ್ವರ ಬಂದು ಮಲಗಿದ್ದವಳಿಗೆ ಆರ್ವಿಲಾ ತನ್ನ ಹಸಿರು ತಟ್ಟೆಯಲ್ಲಿ ಕೇಕು ಕಳಿಸಿದಳು. ಜ್ವರ ಬಿಟ್ಟ ವಾರವೇ ಲೂಥರನ ಅಜ್ಜಿ ತೀರಿಕೊಂಡರು. ವರ್ನಾ ಡೆಲ್ ತನ್ನ ಜೀವಮಾನದ ಮೊದಲ ಕ್ಯಾರಮೆಲ್ ಕೇಕು ಮಾಡಿದಳು, ಅದನ್ನು ಅದೇ ಹಸಿರು ತಟ್ಟೆಯಲ್ಲಿಟ್ಟು, ಸಾವಿನ ಊಟಕ್ಕೂ ಆಯಿತು, ತಟ್ಟೆ ತುಂಬಿಸಿ ಹಿಂದಿರುಗಿಸಿದ ಹಾಗೂ ಆಯಿತು ಎಂದುಕೊಂಡು ಚರ್ಚಿನ ಮೇಜಿನ ಮೇಲೆ ಇಟ್ಟು ನಾಚಿಕೆಯಿಂದ ಸರಿದುಹೋದಳು. ಆರ್ವಿಲಾ ಆ ದಿನ ತಂದದ್ದು ಹ್ಯಾಮ್.

ಸುಟ್ಟ ಸಕ್ಕರೆಗೆ ಹಾಲು ಬೆಣ್ಣೆ ಹಾಕಿ ಪಾಕ ಬರಿಸುವುದಿದೆಯಲ್ಲ, ಅದು ಒಂದು ಉಸಿರಿನಷ್ಟು ಮುಂದೆ ಹೋದರೆ ಮುಗಿಯಿತು, ಕೇಕಿನ ಸುತ್ತ ಕೋಟೆ ಕಟ್ಟಿದ ಹಾಗೆ. ಚರ್ಚಿನ ಹಿರಿಯರಾದ ಬ್ರದರ್ ಹೋಮರ್ ಬ್ಯಾಬ್ ಮೊದಲ ತುಂಡು ಕಚ್ಚಿದರು. ಟಕ್ ಎಂದಿತು. ಅವರು ಕೈಗೆ ಉಗುಳಿಕೊಂಡ ಹಲ್ಲನ್ನು ಎಲ್ಲರೂ ನೋಡಿದರು. ಯಾರೋ ತಟ್ಟೆ ಎತ್ತಿ ತಳ ಓದಿದರು: ಆ. ಟಿಡ್‌ಮೋರ್.

ಆರ್ವಿಲಾ ಬಾಯಿ ತೆರೆದಳು. ಅಷ್ಟರಲ್ಲಿ ಎದುರಿಗೆ ವರ್ನಾ ಡೆಲ್ ಕಂಡಳು. ಮುಖ ಸುಣ್ಣದಂತಾಗಿತ್ತು. ಅವಳ ಪಕ್ಕದಲ್ಲೇ ಅವಳ ಅತ್ತೆ. ಆ ಅತ್ತೆಯ ನಾಲಿಗೆಗೆ ಹೆದರಿ ಸೈಜ್‌ಮೋರರ ಮನೆಯ ಕೋಳಿಗಳೂ ಮೆಲ್ಲಗೆ ಕೊಕ್ಕೋ ಎನ್ನುತ್ತಿದ್ದವಂತೆ. ಆರ್ವಿಲಾ ತೆರೆದ ಬಾಯಲ್ಲಿ, "ಪಾಕ ಸ್ವಲ್ಪ ಬಲೀತು ಅಂತ ಕಾಣತ್ತೆ. ಹವಾ ಸರಿ ಇರ್ಲಿಲ್ಲ ನೋಡಿ," ಎಂದುಬಿಟ್ಟಳು.

ಒಂದು ವಾರದಲ್ಲಿ ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದಳು. ಮರೆಯುತ್ತಲೂ ಇದ್ದರು. ಆದರೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕೋಳಿಯ ಕಾಲು ಚೀಪುತ್ತ, ಇಪ್ಪತ್ತು ವರ್ಷದ ಲೂಥರ್ ನಿಂತಿದ್ದ.

ಪುಸ್ತಕ ಬಂದಮೇಲೆ ವರ್ನಾ ಡೆಲ್ ನಿಜ ಹೇಳುತ್ತಾಳೆ ಎಂದು ಆರ್ವಿಲಾ ಕಾದಳು. ವರ್ನಾ ಡೆಲ್ ಹೇಳಲಿಲ್ಲ. ಅದರ ಬದಲು ಹಿತ್ತಿಲ ಬಾಗಿಲಿಂದ ಬಂದು, "ಪಾಕ ಹೇಗೆ ಹಿಡಿಯೋದು ಹೇಳ್ಕೊಡೇ," ಎಂದು ಅತ್ತಳು. ಆರ್ವಿಲಾ ಹೇಳಿಕೊಟ್ಟಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟಳೆಂದರೆ ವರ್ನಾ ಡೆಲ್ ಜಿಲ್ಲೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆದ್ದಳು, ಮರುವರ್ಷ ಮತ್ತೆ ಗೆದ್ದಳು, ಆಮೇಲೆ ಅದು ಅಭ್ಯಾಸವೇ ಆಯಿತು. ಅತ್ತೆ ಸತ್ತರು. ಈಗ ಹೇಳುತ್ತಾಳೆ ಎಂದು ಆರ್ವಿಲಾ ಮತ್ತೆ ಕಾದಳು. ಅಷ್ಟರಲ್ಲಿ ಚರ್ಚಿನವರು, "ವರ್ನಾ ಡೆಲ್ ಹತ್ರ ಕೂತು ಸ್ವಲ್ಪ ಕಲಿಬಾರ್ದೇ ಆರ್ವಿಲಾ?" ಎಂದು ಬುದ್ಧಿ ಹೇಳಲು ಶುರುಮಾಡಿದ್ದರು. ಮಾಡಿದ ಒಳ್ಳೆಯದನ್ನು ಹೇಳಿಕೊಂಡು ತಿರುಗಬಾರದು ಎಂದು ಪಾಸ್ಟರು ವರ್ಷಕ್ಕೊಮ್ಮೆ ಬೋಧಿಸುತ್ತಿದ್ದರು. ಆ ಭಾನುವಾರ ಆರ್ವಿಲಾಳಿಗೆ ಬೆಂಚು ಮುಳ್ಳಾಗುತ್ತಿತ್ತು.

ಒಂದೇ ಒಂದು ಸಲ ಅವಳು ಬಾಯಿಬಿಟ್ಟದ್ದುಂಟು. ಲೂಥರ್ ಕುಡಿತದಿಂದ ಯಕೃತ್ತು ಕೆಡಿಸಿಕೊಂಡು, ಇಬ್ಬರು ಹೆಂಡಿರನ್ನು ಬಿಟ್ಟು, ಕೊನೆಗಾಲಕ್ಕೆ ಊರಿಗೆ ಬಂದು ಅಪ್ಪನ ಮನೆಯ ಜಗಲಿಯಲ್ಲಿ ಕೂತಿದ್ದ ದಿನಗಳು. ಅವಳು ಹೋಗಿ ಅವನೆದುರು ನಿಂತಳು.

"ಲೂಥರ್, ಆ ಕೇಕ್ ನಂದಲ್ಲ."

ಅವನು ಕನ್ನಡಕ ತೆಗೆದು ಒರೆಸಿದ. "ಅಯ್ಯೋ ಮಿಸ್ ಆರ್ವಿಲಾ! ಅದೀಗ ಜಪಾನಿ ಭಾಷೇಲೂ ನಿಮ್ದೇ ಆಗಿದೆಯಲ್ಲ. ವಾಪಸ್ ಕರ್ಸೋದು ಹೇಗೆ?"

"ನಂಗೊತ್ತಿಲ್ಲಪ್ಪ. ಹಾಕ್ದೋನು ನೀನು."

"ಸರಿ, ಯಾರ್ದು ಹೇಳಿ. ಇನ್ನೊಂದು ಪುಸ್ತಕ ಬರೆದುಬಿಡ್ತೀನಿ." ಅವನ ಕಣ್ಣುಗಳು ಹುಡುಗನ ಕಣ್ಣುಗಳ ಹಾಗೆ ಹೊಳೆದವು.

ಆರ್ವಿಲಾ ಆ ಹೊಳಪನ್ನು ನೋಡಿದಳು. ಅದು ಒಂದು ಸಲ ಯಾರ ಮೇಲೆ ಬಿದ್ದರೂ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಮರ್ತುಹೋಗಿದೆ," ಎಂದಳು. ಲೂಥರ್ ನಕ್ಕು, "ನಿಮ್ಗೆ ಸುಳ್ಳು ಹೇಳೋಕೆ ಸ್ವಲ್ಪಾನೂ ಬರಲ್ಲ. ಕೇಕ್ ಮಾಡೋಕೆ ಚೆನ್ನಾಗೇ ಬರ್ತಿರ್ಬೇಕು ಹಾಗಾದ್ರೆ," ಎಂದ. ಮುಂದಿನ ತಿಂಗಳು ಅವನು ತೀರಿಕೊಂಡ. ಆರ್ವಿಲಾ ಅವನ ಸಾವಿನ ಊಟಕ್ಕೂ ಐಸು ಒಯ್ದಳು.

ಅವನು ಹೋದಮೇಲೆ ಅವನ ಹೆಸರು ಇನ್ನೂ ದೊಡ್ಡದಾಯಿತು. ಮನೆ ವಸ್ತುಸಂಗ್ರಹಾಲಯವಾಯಿತು. ದೂರದಿಂದ ಬಂದವರು ಅವನ ಸಮಾಧಿಯ ಮೇಲೆ ಪೆನ್ಸಿಲು ಇಟ್ಟು ಹೋಗುತ್ತಿದ್ದರು, ಊರಿನವರು ಅವನ್ನು ಆರಿಸಿ ಭಾನುವಾರದ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದರು. ಬ್ರದರ್ ಬ್ಯಾಬ್ ಬಾಯಗಲಿಸಿ ಹಲ್ಲಿನ ಸಂದು ತೋರಿಸಿ, "ಈ ಹಲ್ಲು ಸಾಹಿತ್ಯಕ್ಕೆ ಹೋಯ್ತು," ಎನ್ನುತ್ತಿದ್ದರು. ಅದರ ಫೋಟೋ ತೆಗೆಯುವವರೂ ಇದ್ದರು.

ಹೀಗಿರುವಾಗ ಪಾಲೆಟಾ ಕ್ರಂಪ್ ಎಂಬಾಕೆ ಬರ್ಮಿಂಗ್‌ಹ್ಯಾಮಿನಿಂದ ಬಂದು ಊರಿನಲ್ಲಿ ನೆಲೆಸಿ, ಲೂಥರ್ ಗ್ಯಾಲವೇ ಉತ್ಸವ ಮಾಡಿಯೇ ತೀರಬೇಕೆಂದು ಸಮಿತಿ ಕಟ್ಟಿದಳು. ಒಂದು ಮಧ್ಯಾಹ್ನ ಆರ್ವಿಲಾಳ ಮನೆಗೆ ಬಂದಳು.

"ಮಿಸ್ ಆರ್ವಿಲಾ, ನೀವು ಮಿಸ್ ಜೂಲಾ ಆಗಿ ಕೂತ್ಕೊಂಡ್ರೆ ಸಾಕು. ಹಳೇ ಕಾಲದ ಟೋಪಿ ಹಾಕ್ಕೊಳ್ಳಿ. ಮಕ್ಳು ಒಬ್ಬೊಬ್ರಾಗಿ ಬಂದು ಸುತ್ತಿಗೇಲಿ ಹೊಡೀತಾರೆ."

"ಯಾರಿಗೆ?"

"ಕೇಕಿಗೆ ಮಿಸ್ ಆರ್ವಿಲಾ! ಪ್ಲಾಸ್ಟರಿನ ಕೇಕು ಮಾಡಿಸಿದೀವಿ."

ಆರ್ವಿಲಾಳಿಗೆ ಆಗ ಎಪ್ಪತ್ತು ದಾಟಿತ್ತು. ಬೇಡ ಎನ್ನಲು ಹೊರಟವಳಿಗೆ ತಟ್ಟನೆ ಒಂದು ಯೋಚನೆ ಬಂತು. ಊರಿಗೆ ಊರೇ ಒಂದೆಡೆ ಸೇರುವ ದಿನ. "ಕೂತ್ಕೋತೀನಿ. ಆದ್ರೆ ಪ್ಲಾಸ್ಟರಿನ ಪಕ್ಕದಲ್ಲಿ ನಾನೇ ಮಾಡಿದ ನಿಜವಾದ ಕೇಕು ಇರ್ಬೇಕು. ಬಂದೋರು ತಿನ್ಬೇಕು."

ಪಾಲೆಟಾ ಕೈ ತಟ್ಟಿದಳು. "ಇನ್ನೂ ಒಳ್ಳೇದು! ಜನ ಹುಚ್ಚೆದ್ದು ಹೋಗ್ತಾರೆ."

ಆ ಕೇಕುಗಳನ್ನು ಆರ್ವಿಲಾ ಪ್ರಾರ್ಥನೆ ಮಾಡುವ ಹಾಗೆ ಮಾಡಿದಳು. ಬಾಣಲೆಯಲ್ಲಿ ಸಕ್ಕರೆ ಹೊನ್ನಿನ ಬಣ್ಣಕ್ಕೆ ತಿರುಗುವ ತನಕ ಉಸಿರು ಬಿಗಿಹಿಡಿದು ನಿಂತಳು. ಉತ್ಸವದ ಬೆಳಗ್ಗೆ ಟೋಪಿ ಹಾಕಿಕೊಂಡು, ಮೇಜಿನ ಹಿಂದೆ ಕೈಕಟ್ಟಿ ಕೂತಳು. ಪಕ್ಕದ ಮೇಜಿನಲ್ಲಿ ವರ್ನಾ ಡೆಲ್, ಅವಳ ಕೇಕು, ಅದರ ಸುತ್ತ ಅವಳ ನೀಲಿ ರಿಬ್ಬನ್ನುಗಳು.

ಮೊದಲು ಬಂದದ್ದು ಓಹಾಯೋದಿಂದ ಬಂದ ಗಂಡ ಹೆಂಡತಿ. ಗಂಡ ಕ್ಯಾಮೆರಾ ಹಿಡಿದು, "ಕಚ್ಚು, ಕಚ್ಚು, ಮೆಲ್ಲಗೆ," ಎಂದ. ಹೆಂಡತಿ ಕಣ್ಣು ಮುಚ್ಚಿ ಕಚ್ಚಿದಳು. ಕಣ್ಣು ತೆರೆದಳು. ಮುಖ ಬಾಡಿತು.

"ಮೆತ್ತಗಿದೆಯಲ್ರೀ ಇದು!"

"ಹೌದಮ್ಮ," ಎಂದಳು ಆರ್ವಿಲಾ. "ಮೆತ್ತಗಿದೆ."

"ಗಟ್ಟಿದು ಒಳಗಡೆ ಇಟ್ಟಿದೀರಾ?"

ಹಿಂದಿನವರೂ ಅದನ್ನೇ ಕೇಳಿದರು. ಸಾಲಿನಲ್ಲಿ ಗುಸುಗುಸು ಎದ್ದಿತು. ಅರ್ಧ ತಿಂದ ತುಂಡುಗಳನ್ನು ಬಿಟ್ಟು ಜನ ಪ್ಲಾಸ್ಟರಿನ ಕಡೆ ಹೊರಳಿದರು. ಪಾಲೆಟಾ ಓಡಿ ಬಂದು ಕಿವಿಯಲ್ಲಿ, "ಇದೇನ್ ಮಾಡಿದ್ರಿ? ಪುಸ್ತಕದ ಮರ್ಯಾದೆ ಪ್ರಶ್ನೆ ಇದು!" ಎಂದು ಸಿಡುಕಿದಳು. ಊರಿನವರು ಮಾತ್ರ, ವರ್ನಾ ಡೆಲ್ ಪಾಪ ರಾತ್ರಿ ತಾನೇ ಮಾಡಿಕೊಟ್ಟಿರಬೇಕು ಎಂದು ತಮ್ಮತಮ್ಮಲ್ಲೇ ತಲೆಯಾಡಿಸಿಕೊಂಡರು. ಆರ್ವಿಲಾ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಜನ ಬಿಟ್ಟುಹೋದ ತುಂಡುಗಳನ್ನು ಸದ್ದಿಲ್ಲದೆ ಒಂದು ತಟ್ಟೆಗೆ ಆರಿಸಿಡತೊಡಗಿದಳು.

ಅದನ್ನು ವರ್ನಾ ಡೆಲ್ ನೋಡಿದಳು. ಏನಾಯಿತೋ, ಎದ್ದಳು. ವೇದಿಕೆಯ ಮೇಲೆ ಪ್ರೊಫೆಸರೊಬ್ಬರು ಕೇಕಿನ ಒಳಾರ್ಥ ಹೇಳುತ್ತಿದ್ದರು. ಅವರನ್ನು ಬದಿಗೆ ಸರಿಸಿ ಮೈಕು ಹಿಡಿದಳು.

"ಎಲ್ರೂ ಕೇಳಿ. ಆ ಕಲ್ಲಿನ ಕೇಕು ಆರ್ವಿಲಾದಲ್ಲ. ನಂದು. ತಟ್ಟೆ ಮಾತ್ರ ಅವಳ್ದು. ಬ್ರದರ್ ಬ್ಯಾಬ್, ನಿಮ್ಮ ಹಲ್ಲು ಮುರಿದವ್ಳು ನಾನು. ಇಷ್ಟು ವರ್ಷ ಬಾಯ್ ಮುಚ್ಕೊಂಡಿದ್ದೆ. ದೇವ್ರು ಕ್ಷಮಿಸ್ಲಿ."

ಆರ್ವಿಲಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಗ ಯಾರೋ ಬಿಕ್ಕಿದರು. ಪಾಸ್ಟರ್ ಹ್ಯೂಲೆಟ್ ಎದ್ದು ನಿಂತು ಕಣ್ಣೊರೆಸಿಕೊಂಡರು.

"ಪ್ರಿಯರೇ, ಇನ್ನೊಬ್ಬರ ಭಾರವನ್ನ ಹೊರೋದು ಅಂದ್ರೆ ಇದು. ಗೆಳತಿಯ ಅವಮಾನವನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಎಷ್ಟು ದೊಡ್ಡ ಮನಸ್ಸು ಬೇಕು!"

ಚಪ್ಪಾಳೆಯೋ ಚಪ್ಪಾಳೆ. ಬ್ರದರ್ ಬ್ಯಾಬ್ ಹಲ್ಲಿನ ಸಂದಿನಿಂದ ಶಿಳ್ಳೆ ಹಾಕಿದರು. "ಅಲ್ಲ, ನಿಜವಾಗ್ಲೂ ನಂದೇ!" ಎಂದು ವರ್ನಾ ಡೆಲ್ ಕಿರುಚಿದಷ್ಟೂ ಜನ ಅತ್ತರು. ಇಳಿದು ಬಂದಾಗ ಅವಳನ್ನು ತಬ್ಬಿಕೊಳ್ಳಲು ಸಾಲು ನಿಂತಿತ್ತು. ತಬ್ಬಿಕೊಂಡ ಮೇಲೆ ಒಬ್ಬೊಬ್ಬರೂ ಆರ್ವಿಲಾಳ ಕಡೆ ತಿರುಗಿ, ಇಂಥ ಗೆಳತಿ ಸಿಕ್ಕಿದ್ದಕ್ಕೆ ದೇವರಿಗೆ ಋಣಿಯಾಗಿರು ಎಂದು ಹೇಳಿ ಹೋದರು.

ಮರುದಿನ ವರ್ನಾ ಡೆಲ್ ಸಕ್ಕರೆಯ ಚೀಲ ಹೊತ್ತುಕೊಂಡು ಆರ್ವಿಲಾಳ ಅಡುಗೆಮನೆಗೆ ನುಗ್ಗಿದಳು.

"ನಂಬಲ್ವಾ? ಅದೇ ಕೇಕನ್ನ ಮತ್ತೆ ಮಾಡಿ ಬ್ಯಾಬ್ ಬಾಯಿಗಿಡ್ತೀನಿ. ಇನ್ನೊಂದು ಹಲ್ಲು ಹೋದ್ಮೇಲೆ ನಂಬ್ತಾನೆ."

"ಅವನಿಗೆ ಇರೋದೇ ನಾಲ್ಕು ಕಣೇ."

ಇಬ್ಬರೂ ಒಲೆಯ ಮುಂದೆ ನಿಂತರು. ಪಾಕ ಕುದಿಯಿತು. ಹದಕ್ಕೆ ಬಂತು. ವರ್ನಾ ಡೆಲ್ ಬಾಣಲೆ ಇಳಿಸಿಬಿಟ್ಟಳು.

"ಇಳಿಸ್ಬೇಡ ಅಂದ್ನಲ್ಲೇ! ಇನ್ನೂ ಬಲೀಬೇಕು!"

"ಕೈ ತಾನೇ ಹೋಗತ್ತೆ ಕಣೇ! ನೀನೇ ಕಲಿಸಿ ಕಲಿಸಿ ಹಾಳು ಮಾಡಿದ್ದು ಈ ಕೈನ!"

ಮತ್ತೆ ಮಾಡಿದಳು. ಮತ್ತೆ ಮೆತ್ತಗೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಿದಳು, ಆದರೆ ಆಗ ಆರ್ವಿಲಾಳೇ ತಡೆಯಲಾರದೆ ಇಳಿಸಿಬಿಟ್ಟಳು. ಸಕ್ಕರೆ ಮುಗಿಯಿತು. ಮೇಜಿನ ತುಂಬ ಬಾಯಲ್ಲಿಟ್ಟರೆ ಕರಗುವ ಕೇಕುಗಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದಮೇಲೆ ಆರ್ವಿಲಾ ಕೇಳಿದಳು.

"ಅದು ಹೋಗ್ಲಿ. ಇಷ್ಟು ವರ್ಷ ನಂಗೆ ಐಸ್ ತಾ ಅಂತ ಯಾಕ್ ಹೇಳ್ದೆ? ಒಂದ್ಸಲನಾದ್ರೂ ಕೇಕ್ ತಾ ಅನ್ಬಹುದಿತ್ತಲ್ಲ."

ವರ್ನಾ ಡೆಲ್ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನ ತುದಿಯನ್ನು ತಿರುಚಿದಳು. "ನೀನು ತಂದಿದ್ರೆ ಜನ ತಿಂತಿದ್ರು. ತಿಂದಿದ್ರೆ ಗೊತ್ತಾಗ್ತಿತ್ತು."

ಆರ್ವಿಲಾಳ ನಗು ನಿಂತಿತು. ಹೆದರಿಕೆಯಿಂದ ಸುಮ್ಮನಿದ್ದದ್ದನ್ನು ಅವಳು ಎಂದೋ ಕ್ಷಮಿಸಿದ್ದಳು. ಇದು ಲೆಕ್ಕ ಹಾಕಿ ಮಾಡಿದ್ದು, ಇದು ಬೇರೆ. "ಮನೆಗ್ ಹೋಗು ವರ್ನಾ ಡೆಲ್," ಎಂದಳು.

ಆಮೇಲಿನ ಭಾನುವಾರಗಳಲ್ಲಿ ಅವರಿಬ್ಬರೂ ಎಂದಿನ ಬೆಂಚಿನಲ್ಲೇ ಕೂತರು, ಆದರೆ ನಡುವೆ ಒಂದು ಕೈಚೀಲ, ಒಂದು ಕೊಡೆ, ಎರಡು ಹಾಡಿನ ಪುಸ್ತಕ. ಆರ್ವಿಲಾ ಕ್ಷಮಿಸುವ ಮನಸ್ಸು ಕೊಡು ಎಂದು ದೇವರನ್ನು ಕೇಳಿಕೊಂಡಳು. ಹಾಗೆ ಕೇಳಿಕೊಂಡು ಕಣ್ಣು ಬಿಟ್ಟರೆ ಪಕ್ಕದಲ್ಲಿ ಆ ಕೊಡೆ ಕಾಣುತ್ತಿತ್ತು, ಮತ್ತೆ ಸಿಟ್ಟು ಬರುತ್ತಿತ್ತು. ವರ್ನಾ ಡೆಲ್ ಹಾಡುವಾಗ ಎರಡು ಸಲ ಅವಳ ಕಡೆ ನೋಡಿ ಸ್ವರ ತಪ್ಪಿದಳು.

ಅದಾದ ಮೇಲಿನ ಒಂದು ಮಂಗಳವಾರ ಬೆಳಗ್ಗೆ ಫೋನು ಬಂತು.

"ಆರ್ವಿಲಾ, ನಾನು."

"ಗೊತ್ತಾಯ್ತು."

"ನಾಳೆ ಚರ್ಚಲ್ಲಿ ಊಟ. ಕೇಕ್ ನೀನ್ ತಗೊಂಡ್ ಬಾ. ನಿನ್ನ ಕ್ಯಾರಮೆಲ್ ಕೇಕು. ಬೇರೆ ಯಾರಿಗೂ ಕೇಕು ಹೇಳಿಲ್ಲ. ನಾನೂ ಮಾಡ್ತಿಲ್ಲ."

ಆರ್ವಿಲಾ ಕುರ್ಚಿ ಎಳೆದುಕೊಂಡು ಕೂತಳು. "ಒಬ್ಳೇನಾ? ಅಷ್ಟು ಜನಕ್ಕೆ?"

"ಒಬ್ಳೇ. ತಿನ್ಲೇಬೇಕು, ಬೇರೆ ದಾರಿ ಇಲ್ಲ ಅವ್ರಿಗೆ. ನಂಬದಿದ್ರೆ ಬೇಡ, ನುಂಗ್ಲಿ." ವರ್ನಾ ಡೆಲ್ ಮೂಗೊರೆಸಿಕೊಂಡ ಸದ್ದು. "ಬೈಯೋದಿದ್ರೆ ಬೈದ್ಬಿಡೇ, ಈ ಕೊಡೆ ಇಡೋದು ಬಿಡು."

"ಬೈಯೋಕೆ ಈಗ ಪುರುಸೊತ್ತಿಲ್ಲ," ಎಂದು ಆರ್ವಿಲಾ ಫೋನಿಟ್ಟಳು.

ಬೆಣ್ಣೆ ಹೊರಗೆ ತೆಗೆದಿಟ್ಟಳು. ಮೊಟ್ಟೆ ಒಡೆದಳು. ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಸಕ್ಕರೆ ಸುರಿದಳು. ಯಾವಾಗ ಹಾಡಲು ಶುರುಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಅದೂ ಕ್ರಿಸ್‌ಮಸ್ಸಿನ ಹಾಡು. ಸಕ್ಕರೆ ಅಂಚಿನಲ್ಲಿ ಕರಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುವಾಗ ಅವಳ ಹಾಡು ಫಕ್ಕನೆ ನಿಂತಿತು. ಸತ್ತವರು ಯಾರೆಂದು ಅವಳು ಕೇಳಿಯೇ ಇರಲಿಲ್ಲ.

ಪಾಕ ಬಿಟ್ಟು ಫೋನಿನ ಹತ್ತಿರ ಹೋಗುವಂತಿಲ್ಲ. "ಕರ್ತನೇ, ತಪ್ಪಾಯ್ತು," ಎಂದು ಆರ್ವಿಲಾ ಬಾಣಲೆಯ ಮೇಲೆ ಕಣ್ಣು ನೆಟ್ಟುಕೊಂಡೇ ಹೇಳಿದಳು. "ಯಾರೇ ಆಗಿರ್ಲಿ, ಅವ್ರಿಗೆ ಶಾಂತಿ ಕೊಡು. ಮನೆಯವ್ರಿಗೆ ಸಮಾಧಾನ ಕೊಡು." ಆಮೇಲೆ ಹಾಲು ಸುರಿದು, ಕೈ ನಿಲ್ಲಿಸದೆ ತಿರುವುತ್ತ, ಊರಿನ ವಯಸ್ಸಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು, ಯಾರನ್ನೂ ಬಿಡದೆ ಎಲ್ಲರಿಗಾಗಿಯೂ ಪ್ರಾರ್ಥಿಸಿದಳು.